ವಾರ್ಡ್ ಅಭ್ಯರ್ಥಿಗೆ ದುಡ್ಡು ಕೊಟ್ಟವರ ಲೆಕ್ಕ ಎಲ್ಲಿ ಸಿಗತ್ತೆ

ವಾರ್ಡ್ ಅಭ್ಯರ್ಥಿಗೆ ಯಾರು ದುಡ್ಡು ಕೊಟ್ರು ಅಂತ ಮಾಹಿತಿ ಹಕ್ಕಿನಡಿ (ಆರ್‌ಟಿಐ) ನೀವು ಕೇಳಿದ್ದಕ್ಕೆ ಶಿರಸಿ ನಗರಸಭೆಯವ್ರು "ನಮ್ಮಲ್ಲಿ ಆ ಲೆಕ್ಕ ಇಲ್ಲ" ಅಂದಿದ್ದು ಸುಳ್ಳಲ್ದೇ ಇರಬಹುದು, ನೀವು ಕೇಳಿದ ಜಾಗನೇ ತಪ್ಪಾಗಿರೋ ಹಾಗಿದೆ. ಅಭ್ಯರ್ಥಿ ಖರ್ಚಿನ ಲೆಕ್ಕ ಹೋಗೋದು ಚುನಾವಣೆ ನಡೆಸಿದ ಅಧಿಕಾರಿಗಳ ಕಡೆಗೆ, ಅಂದ್ರೆ ಕಾರವಾರದ ಡಿಸಿ ಆಫೀಸಿನ ಚುನಾವಣಾ ಶಾಖೆಗೆ ಅರ್ಜಿ ಹಾಕಿ.

ಮಾಹಿತಿ ಹಕ್ಕು ಅರ್ಜಿಯ ನಮೂನೆ ಎ ತುಂಬಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ. ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದೊಳಗೆ, ಇದನ್ನ ಮೀರಿದ್ರೆ ಅದೇ ನೆಪ ಹೇಳಿ ವಾಪಸ್ ಕಳಸ್ತಾರೆ. "ಎಷ್ಟು ಖರ್ಚಾಯ್ತು" ಅಂತ ಕೇಳಬೇಡಿ, "ಇಂಥ ವಾರ್ಡಿನ ಎಲ್ಲಾ ಅಭ್ಯರ್ಥಿಗಳು ಸಲ್ಲಿಸಿದ ಚುನಾವಣಾ ವೆಚ್ಚದ ಲೆಕ್ಕ, ಜೊತೆಗಿರುವ ಬಿಲ್ಲು ವೋಚರ್ ಸಮೇತ ದೃಢೀಕೃತ ಪ್ರತಿ" ಅಂತ ಬರೀರಿ. ಅಲ್ಲೂ ಇಲ್ಲ ಅಂದ್ರೆ ಮಾಹಿತಿ ಹಕ್ಕು ಕಾಯ್ದೆಯ ಕಲಂ 6(3)ರ ಪ್ರಕಾರ 5 ದಿನದೊಳಗೆ ಅವರೇ ಸರಿಯಾದ ಕಚೇರಿಗೆ ವರ್ಗಾಯಿಸಬೇಕು, ಈ ಸಾಲನ್ನ ಅರ್ಜಿ ಕೊನೆಗೆ ಮೊದಲೇ ಬರೆದುಬಿಡಿ. 30 ದಿನ ಕಾದು ಉತ್ರ ಬರದಿದ್ರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಆದ್ರೆ ದಾನಿಗಳ ಹೆಸರು ಸಿಕ್ಕೇ ಸಿಗತ್ತೆ ಅಂತ ಹೇಳಲಾರೆ. ನಾನು ತೆಗೆಸಿದ ಪ್ರತಿಯಲ್ಲಿ ರಿಕ್ಷಾ ಬಾಡಿಗೆ, ಪೆಂಡಾಲು, ಕರಪತ್ರ, ಚಾ-ಅವಲಕ್ಕಿ ಎಲ್ಲಾ ಪೈಸೆ ಸಮೇತ ಇತ್ತು, ದುಡ್ಡು ಎಲ್ಲಿಂದ ಬಂತು ಅನ್ನೋ ಕಡೆ ಮಾತ್ರ "ಸ್ವಂತ" ಅನ್ನೋ ಒಂದೇ ಶಬ್ದ! ಪಕ್ಷಗಳು 20,000 ರೂಪಾಯಿ ಮೀರಿದ ದೇಣಿಗೆ ವಿವರ ಕೇಂದ್ರ ಚುನಾವಣಾ ಆಯೋಗಕ್ಕೆ ಕೊಡ್ತವೆ, ಅದು ಆಯೋಗದ ವೆಬ್‌ಸೈಟಲ್ಲಿದೆ, ಆದ್ರೆ ಅದ್ರಲ್ಲಿ ವಾರ್ಡ್ ಲೆಕ್ಕ ಹುಡುಕಬೇಡಿ. ಗ್ರಾಮ ಪಂಚಾಯ್ತಿಲಿ ಪಕ್ಷದ ಚಿಹ್ನೆನೇ ಇಲ್ಲ, ಅಲ್ಲಿ ಆ ದಾರಿನೂ ಇಲ್ಲ.

"ಸ್ವಂತ" ಅಂತಿದ್ರೆ ಅದೇ ಅಭ್ಯರ್ಥಿ ನಾಮಪತ್ರದ ಜೊತೆ ಕೊಟ್ಟ ಆಸ್ತಿ ಅಫಿಡವಿಟ್ಟಿನ ಪ್ರತಿಗೆ ಇನ್ನೊಂದು ಅರ್ಜಿ ಹಾಕಿ, ಕೈಲಿದ್ದ ನಗದು ಎಷ್ಟು ತೋರ್ಸಿದಾರೆ ಅಂತ ಖರ್ಚಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ.