ಇವತ್ತು ರಾತ್ರಿ ಆ ಶೂ ಬಿಚ್ಚಬೇಡಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿದ ಮೇಲೆ ಉಳಿದವನ್ನು ಪಕ್ಕಕ್ಕೆ ಇಟ್ಟುಬಿಟ್ಟೆ. ಬರೆದವರು ಇಬ್ಬರು ಮಕ್ಕಳ ತಾಯಿ. ದೊಡ್ಡವಳಿಗೆ ಐದು ವರ್ಷ, ಚಿಕ್ಕವನಿಗೆ ಒಂದೂವರೆ. ಊರಿನಲ್ಲಿ ಗಲಭೆ. ಇವತ್ತು ಶಾಲೆ ಇದೆಯಾ ಇಲ್ಲವಾ ಅನ್ನುವುದು ಬೆಳಗ್ಗೆ ಎದ್ದ ಮೇಲೇ ಗೊತ್ತಾಗುತ್ತದೆ. ಗಂಡ ಕೆಲಸಕ್ಕೆ ಹೋದರೆ ವಾಪಸ್ ಬರುವ ತನಕ ಇವರ ಜೀವ ಬಾಗಿಲಲ್ಲೇ ಇರುತ್ತದೆ. ಅತ್ತೆ, "ದೊಡ್ಡವಳನ್ನಾದರೂ ನನ್ನ ಮಗಳ ಮನೆಗೆ ಕಳಿಸೋಣ, ಅಲ್ಲಿ ಎಲ್ಲ ಶಾಂತವಾಗಿದೆ" ಎನ್ನುತ್ತಿದ್ದಾರೆ. ಗಂಡ "ನೀನೇ ಯೋಚನೆ ಮಾಡು" ಎಂದು ಸುಮ್ಮನಾಗಿದ್ದಾರೆ. ಕಳಿಸಲಾ ಬೇಡವಾ, ಮಾತುಮಾತಿಗೆ ಮಕ್ಕಳ ಮೇಲೆ ಕೂಗಾಡುವ ನಾನು ಕೆಟ್ಟ ತಾಯಿಯಾ, ಇವೆರಡು ಅವರ ಪ್ರಶ್ನೆ.

ಆದರೆ ಅಕ್ಕ, ನಾಲ್ಕು ಪುಟದ ಪತ್ರದ ಮೂರನೇ ಪುಟದಲ್ಲಿ ಒಂದು ಅರ್ಧ ಸಾಲು ಬರೆದಿದ್ದೀರಿ. "ಈಚೆಗೆ ಶೂ ಹಾಕಿಕೊಂಡೇ ಮಲಗುತ್ತೇನೆ ಅಂತ ಹಠ, ಹಾಸಿಗೆಯೆಲ್ಲ ಮಣ್ಣು, ಅದಕ್ಕೂ ಬೈಯಬೇಕು." ಅಷ್ಟೇ ಬರೆದು ಮುಂದೆ ಹೋಗಿದ್ದೀರಿ. ನನಗೆ ಮುಂದೆ ಹೋಗಲು ಆಗಲಿಲ್ಲ. ಅದು ಹಠ ಅಲ್ಲ. ಐದು ವರ್ಷದ ಮಗು ರಾತ್ರಿ ಓಡಲು ತಯಾರಾಗಿ ಮಲಗುತ್ತಿದೆ.

ಇದನ್ನು ಅವಳಿಗೆ ಯಾರು ಹೇಳಿಕೊಟ್ಟರು? ಉತ್ತರ ನಿಮ್ಮ ಪತ್ರದಲ್ಲೇ ಇದೆ. ಸಂಜೆಯಾದರೆ ಮೈದುನ ಬರುತ್ತಾರೆ, ಅದೊಂದು ಧೈರ್ಯ ಅಂತ ಬರೆದಿದ್ದೀರಿ. ಬಂದವರು ಟಿವಿಯಲ್ಲಿ ನ್ಯೂಸ್ ಹಾಕುತ್ತಾರೆ, ಫೋನಿಗೆ ಬಂದ ವಿಡಿಯೋಗಳನ್ನು ಒಂದೊಂದೇ ತೋರಿಸುತ್ತಾರೆ, "ನೋಡ್ತಿರಿ, ಒಂದಿನ ನಾವೂ ಉಟ್ಟ ಬಟ್ಟೆಯಲ್ಲಿ ಓಡಬೇಕು" ಎನ್ನುತ್ತಾರೆ. ಮಗು ಅಲ್ಲೇ ಮೂಲೆಯಲ್ಲಿ ಆಡುತ್ತಿರುತ್ತದೆ, ಇಲ್ಲವೇ ಪಕ್ಕದ ಕೋಣೆಯಲ್ಲಿ "ಮಲಗಿರುತ್ತದೆ". ಈ ಅಂಕಣದಲ್ಲಿ ಇದನ್ನು ಎಷ್ಟು ಸಲ ಬರೆದಿದ್ದೇನೋ, ಇನ್ನೊಂದು ಸಲ ಬರೆಯುತ್ತೇನೆ: ಮಕ್ಕಳು ಮಲಗಿದ್ದಾರೆ ಅಂತ ದೊಡ್ಡವರು ದನಿ ತಗ್ಗಿಸಿದ ಹೊತ್ತಿಗೇ ಮಕ್ಕಳು ಕಿವಿಗೊಟ್ಟು ಕೇಳುತ್ತಿರುತ್ತಾರೆ. ನಿಮ್ಮ ಮೈದುನರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂದಿದೆ. ಅವರಿಗೂ ಭಯ ಇರಬಹುದು, ಆದರೆ ಅದನ್ನು ಇಳಿಸಿಕೊಳ್ಳಲು ಮಕ್ಕಳಿರುವ ಮನೆಯೇ ಬೇಕಾ?

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಕಟ್ಟಡಗಳು ಬಿದ್ದದ್ದನ್ನು ಟಿವಿಯಲ್ಲಿ ಮತ್ತೆ ಮತ್ತೆ ತೋರಿಸಿದಾಗ, ಎಷ್ಟೋ ಪುಟ್ಟ ಮಕ್ಕಳು ಪ್ರತಿ ಸಲವೂ ಹೊಸದೊಂದು ಕಟ್ಟಡ ಬೀಳುತ್ತಿದೆ ಅಂದುಕೊಂಡಿದ್ದರು. ದೊಡ್ಡವರಿಗೆ ಅದು ಒಂದೇ ಘಟನೆ, ಮಗುವಿಗೆ ಇಪ್ಪತ್ತು. ನಿಮ್ಮ ಮಗಳ ಲೆಕ್ಕದಲ್ಲಿ ನಿಮ್ಮ ಊರಿಗೆ ಇಷ್ಟು ಹೊತ್ತಿಗೆ ಎಷ್ಟು ಸಲ ಬೆಂಕಿ ಬಿದ್ದಿದೆಯೋ! ಇನ್ನು ಮೇಲೆ ಮಕ್ಕಳು ನಿಜವಾಗಿ ನಿದ್ದೆ ಹೋಗುವ ತನಕ ಟಿವಿ ಬಂದ್. ಮೈದುನ ಬರಲಿ, ಮಕ್ಕಳ ಜೊತೆ ಆಡಲಿ. ಅದು ಆಗಲ್ಲ ಅಂದರೆ ಫೋನಿನಲ್ಲಿ ಮಾತಾಡಲಿ. ಇದನ್ನು ಹೇಳಬೇಕಾದವರು ನಿಮ್ಮ ಗಂಡ, ಅವರ ತಮ್ಮನಲ್ವಾ.

ಈಗ ಕಳಿಸುವ ವಿಚಾರ. ಕಳಿಸಬೇಡಿ. ಅತ್ತೆಯ ಮೇಲೆ ಬೇಸರ ಮಾಡಿಕೊಳ್ಳಬೇಡಿ, ಪಾಪ, ಮೊಮ್ಮಗಳ ಮೇಲಿನ ಜೀವದಿಂದಲೇ ಹೇಳಿದ್ದಾರೆ. ಅವರು ಹೇಳಿದ್ದನ್ನು ಒಂದು ದೇಶವೇ ಮಾಡಿ ನೋಡಿದೆ. 1939ರ ಸೆಪ್ಟೆಂಬರ್ ಮೊದಲ ವಾರದಲ್ಲಿ, ಬಾಂಬ್ ಬೀಳುತ್ತದೆ ಅಂತ ಬ್ರಿಟನ್ನಿನ ನಗರಗಳಿಂದ ಸುಮಾರು 15 ಲಕ್ಷ ಜನರನ್ನು ಹಳ್ಳಿಗಳಿಗೆ ಕಳಿಸಿದರು. ಅವರಲ್ಲಿ ಹೆಚ್ಚಿನವರು ಮಕ್ಕಳು, ಬಹಳಷ್ಟು ಮಕ್ಕಳ ಜೊತೆ ತಾಯಿ ಇರಲಿಲ್ಲ. ನಾಲ್ಕೈದು ತಿಂಗಳಾಗುವಷ್ಟರಲ್ಲಿ ಎಷ್ಟೋ ತಾಯಂದಿರು ತಡೆಯಲಾರದೆ ಮಕ್ಕಳನ್ನು ವಾಪಸ್ ಕರೆತಂದರು. ಆಮೇಲೆ ನಿಜವಾಗಿ ಬಾಂಬ್ ಬೀಳುತ್ತಿದ್ದಾಗ ಲಂಡನ್ನಿನಲ್ಲಿ ಪುಟ್ಟ ಮಕ್ಕಳ ಆಶ್ರಯಗಳನ್ನು ನಡೆಸಿದವರು ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್. ಹತ್ತಿರದಿಂದ ನೋಡಿದ ಅವರಿಗೆ ಕಂಡದ್ದು ಇದು: ಅಮ್ಮ ಪಕ್ಕದಲ್ಲಿದ್ದು ಅವಳು ಗಾಬರಿಯಾಗದಿದ್ದರೆ ಮಕ್ಕಳು ಬಾಂಬಿನ ಸದ್ದನ್ನೂ ತಡೆದುಕೊಳ್ಳುತ್ತಿದ್ದರು, ಅಮ್ಮನನ್ನು ಬಿಟ್ಟಿರುವುದು ಮಾತ್ರ ಅದಕ್ಕಿಂತ ಜಾಸ್ತಿ ಪೆಟ್ಟು ಕೊಡುತ್ತಿತ್ತು. ಊರು ಬಿಡಲೇಬೇಕಾದಷ್ಟು ಅಪಾಯ ಬಂದರೆ ಬಿಡಿ, ತಡ ಮಾಡಬೇಡಿ. ಆದರೆ ಹೋಗುವುದಾದರೆ ಮಕ್ಕಳ ಜೊತೆ ನೀವೂ ಹೋಗಿ. ಶೂ ಹಾಕಿಕೊಂಡು ಮಲಗುವ ಮಗುವನ್ನು ಒಂಟಿಯಾಗಿ ಬೇರೆ ಊರಿಗೆ ಕಳಿಸಿದರೆ, ಅವಳು ಯಾವುದಕ್ಕೆ ಹೆದರಿದ್ದಾಳೋ ಅದನ್ನೇ ನಾವು ಮಾಡಿದ ಹಾಗಾಗುತ್ತದೆ.

ಕೂಗಾಡುವ ಮಾತು. ನೀವು ಕೆಟ್ಟ ತಾಯಿ ಅಲ್ಲ, ನಿದ್ದೆಗೆಟ್ಟ ತಾಯಿ. ರಾತ್ರಿ ಎರಡು ಗಂಟೆಗೆ ಎದ್ದು ಫೋನಿನಲ್ಲಿ ಸುದ್ದಿ ನೋಡುತ್ತೀರಂತೆ, ಆ ಫೋನನ್ನು ಮಲಗುವ ಕೋಣೆಯಿಂದ ಹೊರಗಿಡಿ. ಚಿಕ್ಕವನು ಸೆರಗು ಬಿಡುವುದಿಲ್ಲ ಅಂದಿರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆ. ಎಡ್ವರ್ಡ್ ಟ್ರಾನಿಕ್ ಎಂಬ ಮನೋವಿಜ್ಞಾನಿ 1970ರ ದಶಕದಲ್ಲಿ ತಾಯಂದಿರಿಗೆ, ಒಂದೆರಡು ನಿಮಿಷ ಮಗುವಿನ ಎದುರು ಮುಖದಲ್ಲಿ ಏನನ್ನೂ ತೋರಿಸದೆ ಕೂರಿ ಅಂದರು. ಕೂಸುಗಳು ನಕ್ಕು ಕರೆದವು, ಕೈ ಚಾಚಿದವು, ಆಮೇಲೆ ಬೇಸತ್ತು ಮುಖ ತಿರುಗಿಸಿದವು. ಸುದ್ದಿ ನೋಡುವಾಗ ನಮ್ಮ ಮುಖ ಹಾಗೇ ಆಗಿರುತ್ತದೆ. ಅಮ್ಮ ಮತ್ತೆ ನಕ್ಕು ಮಾತಾಡಿಸಿದರೆ ಕೂಸು ನಿಧಾನವಾಗಿ ದಾರಿಗೆ ಬರುತ್ತದೆ. ಕೂಗಿದ ದಿನವೂ ಅಷ್ಟೇ, ವಾಪಸ್ ಹೋಗಿ ಎತ್ತಿಕೊಳ್ಳಿ.

ಇಷ್ಟು ಬರೆದಿದ್ದೇನೆ, ಎಲ್ಲ ಮರೆತರೂ ಇದೊಂದು ಮಾಡಿ. ಇವತ್ತು ರಾತ್ರಿ ಆ ಶೂ ಬಿಚ್ಚಬೇಡಿ, ಬೈಯಬೇಡಿ. ಪಕ್ಕದಲ್ಲಿ ಮಲಗಿ ಕೇಳಿ, "ಶೂ ಯಾಕೆ ಬೇಕು ಪುಟ್ಟಿ?" ಅವಳು ಹೇಳಲು ಹೊತ್ತು ತೆಗೆದುಕೊಂಡರೆ ಕಾಯಿರಿ. "ಏನೂ ಆಗಲ್ಲ" ಅನ್ನಬೇಡಿ, ಏನೋ ಆಗುತ್ತಿದೆ ಅಂತ ಅವಳಿಗೆ ಗೊತ್ತು. "ಹೋಗಬೇಕಾಗಿ ಬಂದರೆ ನಾನೇ ನಿನ್ನನ್ನು ಎಬ್ಬಿಸುತ್ತೇನೆ, ನಾನೇ ಶೂ ಹಾಕುತ್ತೇನೆ, ನಿನ್ನನ್ನು ಬಿಟ್ಟು ನಾನು ಎಲ್ಲೂ ಹೋಗಲ್ಲ" ಅನ್ನಿ. ಅವಳು ಬಿಚ್ಚಲು ಒಪ್ಪಿದ ಮೇಲೆ ಶೂಗಳನ್ನು ಅವಳ ಕೈಗೆ ಸಿಗುವ ಹಾಗೆ ಹಾಸಿಗೆಯ ಪಕ್ಕದಲ್ಲೇ ಇಡಿ. ಅವಳು ನೋಡುತ್ತಿರುವಾಗಲೇ ನಿಮ್ಮ ಚಪ್ಪಲಿಯನ್ನೂ ತಂದು ಅವುಗಳ ಪಕ್ಕ ಬಿಡಿ.