ಸೋಲಾರ್ ಪಂಪ್ ಹಾಕಿಸಿದರೆ ಶಿರಾ ಸೀಮೆಯಲ್ಲಿ ಎರಡು ಎಕರೆ ಅಡಿಕೆ ಇಡಬಹುದೇ?

ಶಿರಾ ಹತ್ತಿರ ಐದು ಎಕರೆ ಖುಷ್ಕಿ ಇದೆ, 800 ಅಡಿ ಬೋರಿನಲ್ಲಿ ಒಂದೂವರೆ ಇಂಚು ನೀರಿದೆ, ಸಬ್ಸಿಡಿಯಲ್ಲಿ ಸೋಲಾರ್ ಪಂಪ್ ಸಿಕ್ಕರೆ ರಾತ್ರಿ ಕರೆಂಟಿಗೆ ಕಾಯುವ ಪಾಡು ತಪ್ಪುತ್ತದೆ, ಹಾಗಾದರೆ ಎರಡು ಎಕರೆಗೆ ಅಡಿಕೆ ಇಡೋಣವೇ ಎಂದು ಕೇಳಿದ್ದೀರಿ. ಅಡಿಕೆ ಬೇಡ. ಪಂಪಿನ ವಿಚಾರ ಬೇರೆ, ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮದು ನಿಮ್ಮ ಪಕ್ಕದ ಮಧುಗಿರಿ ತಾಲೂಕು. 2011ರಲ್ಲಿ ನಮ್ಮಪ್ಪ ಒಂದೂವರೆ ಎಕರೆಗೆ ಅಡಿಕೆ ಸಸಿ ಇಟ್ಟರು. ಆಗ 550 ಅಡಿಗೆ ನೀರು ಸಿಕ್ಕಿತ್ತು. ಗಿಡ ಹೊಂಬಾಳೆ ಬಿಡುವ ಹೊತ್ತಿಗೆ ಆ ಬೋರು ನಿಂತಿತು. ಎರಡನೆಯದನ್ನು 820 ಅಡಿಗೆ ಕೊರೆಸಿದರು, ಎಂಟು ತಿಂಗಳು ಬಂತು. ಮೂರನೆಯದು 1,100 ಅಡಿ, ಬರೀ ಧೂಳು. 2017ರ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿಸಿ ನೋಡಿದೆವು. ಸುಳಿ ಒಣಗಿದ ಮರಗಳನ್ನು ಕಡಿಸಿದ ದಿನ ಅಪ್ಪ ಹೊಲದ ಕಡೆಗೆ ಬರಲೇ ಇಲ್ಲ. ಆ ಸಾಲ ತೀರಿದ್ದು 2022ರಲ್ಲಿ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಸಸಿ ಇಡುವ ಮೊದಲು ಒಂದು ಲೆಕ್ಕ ಹಾಕಿದ್ದರೆ ಸಾಕಿತ್ತು, ಆ ಲೆಕ್ಕ ನಮಗೆ ಯಾರೂ ಹೇಳಿಕೊಡಲಿಲ್ಲ.

ಲೆಕ್ಕ ಇಷ್ಟೇ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್. ವರ್ಷಕ್ಕೆ 550 ಮಿ.ಮೀ. ಮಳೆ ಎಂದಿಟ್ಟುಕೊಂಡರೆ ನಿಮ್ಮ ಐದು ಎಕರೆ ಮೇಲೆ ಬೀಳುವುದು ಸುಮಾರು ಒಂದು ಕೋಟಿ ಹತ್ತು ಲಕ್ಷ ಲೀಟರ್. ನಮ್ಮದು ಗಟ್ಟಿ ಕಲ್ಲಿನ ಸೀಮೆ. ಇಲ್ಲಿ ಬಿದ್ದ ಮಳೆಯಲ್ಲಿ ಹತ್ತರಲ್ಲಿ ಒಂದು ಪಾಲು ಬಂಡೆ ಬಿರುಕಿಗೆ ಇಳಿದರೆ ಅದೇ ಹೆಚ್ಚು. ಅಂದರೆ ನಿಮ್ಮ ಹೊಲ ಅಂತರ್ಜಲಕ್ಕೆ ಕೊಡುವುದು ವರ್ಷಕ್ಕೆ 11 ಲಕ್ಷ ಲೀಟರ್. ಅಡಿಕೆ ಎಕರೆಗೆ 550 ಗಿಡ ಹಿಡಿಯುತ್ತದೆ. ಡ್ರಿಪ್‌ನಲ್ಲೇ ಕೊಟ್ಟರೂ ಬೇಸಿಗೆಯಲ್ಲಿ ಗಿಡವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಎರಡು ಎಕರೆಗೆ ದಿನಕ್ಕೆ ಸುಮಾರು 20,000 ಲೀಟರ್, ಡಿಸೆಂಬರ್‌ನಿಂದ ಮೇ ತನಕ 36 ಲಕ್ಷ ಲೀಟರ್. ಭೂಮಿಗೆ ಹನ್ನೊಂದು ಹಾಕಿ ಮೂವತ್ತಾರು ತೆಗೆಯುತ್ತೀರಿ. ಮಿಕ್ಕ ಇಪ್ಪತ್ತೈದು ಲಕ್ಷ ಅಕ್ಕಪಕ್ಕದ ಹೊಲದವರ ಪಾಲು, ಇಲ್ಲವೇ ನೂರಾರು ವರ್ಷದಿಂದ ಬಂಡೆಯೊಳಗೆ ಸೇರಿಕೊಂಡಿದ್ದ ನೀರು. ಪಕ್ಕದವರೂ ಅಡಿಕೆ ಇಟ್ಟರೆ ಇಬ್ಬರೂ ಒಂದೇ ಬಿರುಕಿನಿಂದ ಎಳೆಯುತ್ತೀರಿ. ನಮ್ಮಲ್ಲಿ ಆದದ್ದು ಅದೇ.

ಈಗ ಕರೆಂಟು. 800 ಅಡಿಯಿಂದ ಸಾವಿರ ಲೀಟರ್ ನೀರೆತ್ತಲು ಸಾಧಾರಣ ಸಬ್‌ಮರ್ಸಿಬಲ್ ಮೋಟಾರಿಗೆ ಒಂದೂವರೆ ಯೂನಿಟ್ ಹತ್ತಿರ ಬೇಕು. ಅದೇ ನೀರು ನಲವತ್ತು ಅಡಿ ಬಾವಿಯಲ್ಲಿದ್ದಿದ್ದರೆ ಹತ್ತನೇ ಒಂದು ಯೂನಿಟ್ಟೂ ಬೇಡ. ನೀರು ಕೆಳಗಿಳಿದಷ್ಟೂ ರಾಜ್ಯದ ಕರೆಂಟು ಬರೀ ಎತ್ತುವುದಕ್ಕೇ ಹೋಗುತ್ತದೆ. 10 ಎಚ್‌.ಪಿ.ವರೆಗಿನ ಪಂಪಿಗೆ ಬಿಲ್ ಇಲ್ಲದಿರುವುದರಿಂದ ಇದು ನಮಗೆ ಕಾಣುವುದಿಲ್ಲ. ರೈತನ ಮೇಲೆ ಬಿಲ್ ಹಾಕಿ ಎಂದು ನಾನು ಹೇಳುತ್ತಿಲ್ಲ. ಆದರೆ ಕರೆಂಟು ಪುಕ್ಕಟೆಯಾದ ಮೇಲೆ ನಮ್ಮ ಕೈ ಹಿಡಿಯುವುದು ಯಾವುದು? ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ಕೊಡುವ ಆ ಕೆಲವು ಗಂಟೆಗಳು ಮಾತ್ರ. ನಿಮ್ಮ ಮನೆಯವರು ಬೈಯುವ ಆ ಪವರ್ ಕಟ್ಟೇ ಇಷ್ಟು ವರ್ಷ ನಿಮ್ಮ ಬೋರನ್ನು ಉಳಿಸಿರಬಹುದು.

ನಮ್ಮಜ್ಜನ ಕಾಲದಲ್ಲಿ ಕಪಿಲೆ ಬಾವಿ ಇತ್ತು. ಎರಡು ಎತ್ತು, ಒಂದು ಚರ್ಮದ ಬಾನಿ. ಎತ್ತು ದಣಿದರೆ ಅವತ್ತಿನ ನೀರು ಮುಗಿಯಿತು. ರಾತ್ರಿ ಬಾವಿ ತಾನಾಗಿ ಊರುತ್ತಿತ್ತು. ಅದಕ್ಕಿಂತ ಸೊಗಸಾದದ್ದು ತಲಪರಿಗೆ. ಮಧುಗಿರಿ, ಪಾವಗಡ, ಕೊರಟಗೆರೆ ಕಡೆ ಹಳ್ಳದ ಮರಳಿನಲ್ಲಿ ಒರತೆ ಇರುವಲ್ಲಿ ಗುಂಡಿ ತೋಡಿ, ಕಾಲುವೆ ಎಳೆದು, ನೀರನ್ನು ತನ್ನ ಪಾಡಿಗೆ ಹೊಲಕ್ಕೆ ಹರಿಸುತ್ತಿದ್ದರು. ಎತ್ತು ಬೇಡ, ಮೋಟಾರ್ ಬೇಡ. ಆ ಒರತೆ ಉಳಿದದ್ದು ಮರಳಿನಿಂದ. ಮರಳನ್ನು ಲಾರಿಗೆ ತುಂಬಿದೆವು, ಸುತ್ತಲೂ ಬೋರು ಕೊರೆದೆವು, ತಲಪರಿಗೆ ಬತ್ತಿತು. ಹಳ್ಳ, ಮರಳು, ದಡದ ಹೊಂಗೆ ಇವೆಲ್ಲ ಸೇರಿ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವನ್ನು ಈಗ ಮೋಟಾರಿನಿಂದ ಮಾಡಿಸುತ್ತಿದ್ದೇವೆ. ಸಾಲದ್ದಕ್ಕೆ ಆಳದ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್. ಊರಿಗೊಂದು ಶುದ್ಧ ನೀರಿನ ಘಟಕ ಬಂದಿದೆ, ಅದಕ್ಕೂ ಕರೆಂಟು ಬೇಕು, ಅದೂ ಒಂದು ಪಾಲು ನೀರನ್ನು ಹೊರಗೆ ಚೆಲ್ಲುತ್ತದೆ. ನೀರು, ಕರೆಂಟು, ಅನ್ನ, ಪ್ರಕೃತಿ ಎಂದು ಬೇರೆ ಬೇರೆ ಇಲಾಖೆಯಲ್ಲಿ ಬೇರೆ ಬೇರೆ ಫೈಲು ಇಟ್ಟುಕೊಂಡಿದ್ದಾರೆ, ಹೊಲದಲ್ಲಿ ನಿಂತವನಿಗೆ ಅದು ಒಂದೇ ವಿಷಯ.

ಹಾಗಾದರೆ ಸೋಲಾರ್ ಕೆಟ್ಟದ್ದೇ? ಅಲ್ಲ. ಹೇಗೆ ಹಾಕಿಸುತ್ತೀರಿ ಎನ್ನುವುದರ ಮೇಲಿದೆ. ಕರೆಂಟ್ ಲೈನಿಗೆ ಸೇರದ ಪಂಪ್ ಹಾಕಿಸಿದರೆ ಪ್ಯಾನಲ್‌ನಲ್ಲಿ ಹುಟ್ಟಿದ ಕರೆಂಟಿಗೆ ನೀರೆತ್ತುವುದು ಬಿಟ್ಟು ಬೇರೆ ದಾರಿ ಇಲ್ಲ. ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಓಡುತ್ತಲೇ ಇರುತ್ತದೆ, ನಿಲ್ಲಿಸಲು ನಿಮಗೂ ಮನಸ್ಸು ಬರುವುದಿಲ್ಲ. ಮಿಕ್ಕ ಕರೆಂಟನ್ನು ಲೈನಿಗೆ ಮಾರುವಂತಿದ್ದರೆ ಮೋಟಾರ್ ಆಫ್ ಮಾಡಿದ ಗಂಟೆಗೂ ಬೆಲೆ ಬರುತ್ತದೆ. ನಮ್ಮ ರಾಜ್ಯ 2014ರಲ್ಲೇ ಸೂರ್ಯ ರೈತ ಯೋಜನೆ ಘೋಷಿಸಿ, ಕನಕಪುರ ತಾಲೂಕಿನ ಹಾರೋಬೆಲೆಯಲ್ಲಿ ಅದನ್ನು ಶುರು ಮಾಡಿದ್ದು ಈ ಯೋಚನೆಯಿಂದಲೇ. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಹಳ್ಳಿಯಲ್ಲಿ 2016ರಲ್ಲಿ ರೈತರು ಸಹಕಾರ ಸಂಘ ಕಟ್ಟಿಕೊಂಡು ಪಂಪಿನ ಮಿಕ್ಕ ಕರೆಂಟನ್ನು ವಿದ್ಯುತ್ ಕಂಪನಿಗೆ ಮಾರಿದರು. ಕೇಂದ್ರದ ಪಿಎಂ ಕುಸುಮ್ ಯೋಜನೆಯಲ್ಲೂ ಲೈನಿಗೆ ಸೇರಿದ ಪಂಪಿಗೆ, ಫೀಡರಿಗೆ (ಸಬ್‌ಸ್ಟೇಷನ್ನಿನಿಂದ ಊರಿಗೆ ಕರೆಂಟು ತರುವ ಲೈನು) ಬೇರೆಯದೇ ಭಾಗವಿದೆ. ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಹೋದಾಗ ನಿಮ್ಮ ಫೀಡರ್ ಅದರಲ್ಲಿ ಬರುತ್ತದೆಯೇ ಎಂದು ಮೊದಲು ಕೇಳಿ.

ಜಮೀನನ್ನೇ ಸೋಲಾರ್ ಕಂಪನಿಗೆ ಕೊಟ್ಟುಬಿಡಿ ಎನ್ನುವವರೂ ಸಿಗುತ್ತಾರೆ. ಪಾವಗಡದ ತಿರುಮಣಿ ಸುತ್ತಲಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಪಾರ್ಕ್ ಇದೆ. ಜಮೀನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಿಡಿದರು, ಬಾಡಿಗೆ ಕಾಲಕಾಲಕ್ಕೆ ಏರುತ್ತದೆ. ಶೇಂಗಾ ಒಣಗಿ ಕೈ ಸುಟ್ಟುಕೊಂಡಿದ್ದವರಿಗೆ ಅದು ದೊಡ್ಡ ಆಸರೆ, ಒಪ್ಪುತ್ತೇನೆ. ಆದರೆ ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಸುಗ್ಗಿ ಮುಗಿದ ಮೇಲೆ ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಮಾತ್ರ ಉಳಿಯಿತು. ಕುರಿ ಇಲ್ಲದಿದ್ದರೆ ಅಕ್ಕಪಕ್ಕದ ಊರಿನ ಹೊಲಕ್ಕೆ ಮಂದೆ ಗೊಬ್ಬರವೂ ಇಲ್ಲ. ಬೀಳು ನೆಲ ಎಂದರೆ ಯಾರಿಗೂ ಬೇಡದ ನೆಲ ಎಂದು ದೂರದವರು ತಿಳಿಯುತ್ತಾರೆ. ನಮ್ಮ ತಾಲೂಕಿನ ಮೈದನಹಳ್ಳಿಯ ಕೃಷ್ಣಮೃಗ ಇರುವುದೂ ಅಂಥ ಹುಲ್ಲುಗಾವಲಿನಲ್ಲೇ, 798 ಎಕರೆಯಲ್ಲಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ಮೂರು ಎಕರೆ ರಾಗಿ, ಅದರ ನಡುನಡುವಿನ ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ, ಹುಚ್ಚೆಳ್ಳು. ರಾಗಿಗೆ ಮಳೆಯೇ ಸಾಕು, ಬೋರು ಮುಟ್ಟಬೇಕಾಗಿಲ್ಲ. 2024–25ರಲ್ಲಿ ಅದರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ರೂಪಾಯಿ ಇತ್ತು. ಸರ್ಕಾರ ಕೊಳ್ಳುವುದನ್ನು ನಿಲ್ಲಿಸದಿದ್ದರೆ ಸಾಕು, ಎಷ್ಟೋ ಬೋರು ಉಳಿಯುತ್ತವೆ. ಹೊಲ ಇಳಿಜಾರಾಗಿರುವ ಕಡೆ ಅಡ್ಡ ಬದು, ಕೆಳ ಮೂಲೆಯಲ್ಲಿ ಒಂದು ಕೃಷಿ ಹೊಂಡ. ಹೊಂಡಕ್ಕೆ ಮಳೆ ನೀರೇ ತುಂಬಬೇಕು. ಬೋರಿನಿಂದ ಎತ್ತಿ ಹೊಂಡ ತುಂಬಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ನೀರು ಬಿಸಿಲಿಗೆ ಆವಿಯಾಗುತ್ತದೆ, ಆಳದಿಂದ ಎತ್ತಲು ಸುಟ್ಟ ಕರೆಂಟೂ ಅದರ ಜೊತೆ ಹೋಗುತ್ತದೆ. ಬದುವಿನ ಮೇಲೆ ಹುಣಸೆ, ಹೊಂಗೆ, ಸೀತಾಫಲ. ಹುಣಸೆಗೆ ಮೊದಲೆರಡು ಬೇಸಿಗೆ ಕೊಡದಲ್ಲಿ ಹೊತ್ತು ಹಾಕಿ, ಆಮೇಲೆ ಅದು ನಿಮ್ಮನ್ನು ಕೇಳುವುದಿಲ್ಲ. ಹಣ್ಣು ಮಾರಲು ತುಮಕೂರು ಮಾರುಕಟ್ಟೆ ಹತ್ತಿರವೇ ಇದೆ.

ಬೋರಿನ ನೀರನ್ನು ಅರ್ಧ ಎಕರೆಗೆ ಮಾತ್ರ ಇಟ್ಟುಕೊಳ್ಳಿ. ಸೊಪ್ಪು, ತರಕಾರಿ, ಬೇಕಾದರೆ ಹೂವು, ಎರಡು ಹಸುವಿಗೆ ಮೇವು. ಬೇಸಿಗೆಯಲ್ಲಿ ನೀರು ಸಣ್ಣಗಾದರೆ ಈ ಬೆಳೆಗಳನ್ನು ಒಂದು ಸಲಕ್ಕೆ ಬಿಡಬಹುದು. ಅಡಿಕೆಯನ್ನು ಹಾಗೆ ಬಿಡಲಾಗುವುದಿಲ್ಲ. ಏಳು ವರ್ಷ ಸಾಕಿದ ಮರ ಒಂದು ಬೇಸಿಗೆಗೆ ಹೋಗುತ್ತದೆ, ಅದನ್ನು ಉಳಿಸಲು ಮನುಷ್ಯ ಇನ್ನೊಂದು ಬೋರು ಕೊರೆಸುತ್ತಾನೆ. ನಮ್ಮಪ್ಪ ಕೊರೆಸಿದ್ದು ದುರಾಸೆಯಿಂದಲ್ಲ, ಗಿಡದ ಮೇಲಿನ ಕರುಳಿನಿಂದ.

ಪಂಪಿಗೆ ಅರ್ಜಿ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಮಾರ್ಚ್ ಕೊನೆಯಲ್ಲಿ, ಮೋಟಾರನ್ನು ಒಂದು ರಾತ್ರಿ ಪೂರ್ತಿ ನಿಲ್ಲಿಸಿ, ಬೆಳಗ್ಗೆ ಸ್ಟಾರ್ಟರ್ ಹಾಕಿ 200 ಲೀಟರ್ ಡ್ರಮ್ ಎಷ್ಟು ನಿಮಿಷಕ್ಕೆ ತುಂಬುತ್ತದೆ ನೋಡಿ. ಮೋಟಾರ್ ನಿಲ್ಲಿಸದೆ ಮೂರು ಗಂಟೆ ಓಡಿಸಿ ಮತ್ತೆ ಅದೇ ಡ್ರಮ್ ತುಂಬಿಸಿ ನೋಡಿ. ಸಮಯ ಎಷ್ಟು ಹೆಚ್ಚಾಯಿತು, ಮೋಟಾರ್ ಎಷ್ಟು ಅಡಿಯಲ್ಲಿ ನಿಲ್ಲಿಸಿದ್ದಾರೆ, ಎಷ್ಟು ಎಚ್‌.ಪಿ., ಸುತ್ತ ಕಾಲು ಮೈಲಿಯಲ್ಲಿ ಎಷ್ಟು ಬೋರು ಇವೆ ಎಂದು ಇಲ್ಲೇ ಬರೆಯಿರಿ. ನಿಮ್ಮ ಹೊಲದ ಲೆಕ್ಕವನ್ನು ನಾನೇ ಕೂತು ಹಾಕಿಕೊಡುತ್ತೇನೆ.