ತೊಗರಿ ವ್ಯಾಪಾರಕ್ಕೆ ನೈರೋಬಿ, ಅರೂಷಾ: ಹೊರಡುವ ಮುನ್ನ ಯಾವ ಸೂಜಿ, ಯಾವ ಮಾತ್ರೆ?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದು ದಾಲ್ ಮಿಲ್. ತೊಗರಿ ಖರೀದಿಯ ಮಾತುಕತೆಗೆ ಐದು ವಾರ ಬಿಟ್ಟು ನಾನು, ಮಗ ನೈರೋಬಿಗೆ ಹೊರಟಿದ್ದೇವೆ. ಅಲ್ಲಿಂದ ಕಾರಿನಲ್ಲಿ ನಮಂಗಾ ಗಡಿ ದಾಟಿ ತಾಂಜಾನಿಯಾದ ಅರೂಷಾ, ಬಾಬಾಟಿ ಕಡೆಯ ಹೊಲ ನೋಡಿ ಬರುವುದು. ಒಟ್ಟು 12 ದಿನ. ನನಗೆ 61 ವರ್ಷ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೋತೀನಿ. ಟಿಕೆಟ್ ಮಾಡಿಸಿದವರು ‘ಕೀನ್ಯಾದಾಗ ಯಾವ ಲಸಿಕಿನೂ ಕೇಳಂಗಿಲ್ರಿ’ ಅಂತಾರೆ. ಖರೇನಾ?

ಉತ್ತರ: ಅರ್ಧ ಖರೆ. ಭಾರತದಲ್ಲಿ ಹಳದಿ ಜ್ವರ ಇಲ್ಲ, ಹಾಗಾಗಿ ಇಲ್ಲಿಂದ ನೇರ ಹೋದವರನ್ನು ನೈರೋಬಿಯಲ್ಲಿ ಅದರ ಲಸಿಕೆಯ ಪ್ರಮಾಣಪತ್ರ ಕೇಳುವುದಿಲ್ಲ. ಆದರೆ ಕೀನ್ಯಾದಲ್ಲಿ ಆ ಜ್ವರ ಇದೆ. ಆದ್ದರಿಂದ ಅಲ್ಲಿಂದ ಬಂದವರಿಗೆ ತಾಂಜಾನಿಯಾ ಪ್ರವೇಶಿಸಲು ಪ್ರಮಾಣಪತ್ರ ಬೇಕು. ತಿರುಗಿ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೂ ತೋರಿಸಬೇಕು. ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಆ ಜ್ವರ ಹರಡುವ ಈಡಿಸ್ ಸೊಳ್ಳೆ ನಮ್ಮೂರುಗಳಲ್ಲಿ ಡೆಂಗಿ ಹರಡುತ್ತಲೇ ಇದೆ. ಒಮ್ಮೆ ರೋಗಾಣು ಒಳಬಂದರೆ ತಡೆಯುವುದು ಕಷ್ಟ. ಈ ಬಿಗಿ ನಿಯಮ ನ್ಯಾಯವಾದದ್ದೇ.

ಈ ಲಸಿಕೆ ಊರಿನ ದವಾಖಾನೆಯಲ್ಲಾಗಲಿ ಔಷಧ ಅಂಗಡಿಯಲ್ಲಾಗಲಿ ಸಿಗುವುದಿಲ್ಲ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಬೆಂಗಳೂರಿನಲ್ಲಿ ಇವೆ, ಆದರೆ ನಮ್ಮ ಭಾಗದವರಿಗೆ ಹತ್ತಿರದ್ದು ಹೈದರಾಬಾದಿನ ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಔಷಧ ಇರುತ್ತದೆ, ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಅದಕ್ಕೇ ಇಂಥ ಕೇಂದ್ರಗಳು ದಿನ ಗೊತ್ತುಮಾಡಿ ಜನರನ್ನು ಕರೆಯುತ್ತವೆ. ಮೊದಲೇ ಸಮಯ ಪಡೆದು ರೈಲು ಹತ್ತಿ. ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲಿ.

ಒಂದೇ ಡೋಸ್, ಅರ್ಧ ಎಂಎಲ್, ಚರ್ಮದಡಿಗೆ. ಪ್ರಮಾಣಪತ್ರಕ್ಕೆ ಮಾನ್ಯತೆ ಬರುವುದು 10 ದಿನ ಕಳೆದ ಮೇಲೆ. 2016ರ ಜುಲೈ 11ರಿಂದ ಅದು ಜೀವನಪೂರ್ತಿ ನಡೆಯುತ್ತದೆ, ಹತ್ತು ವರ್ಷಕ್ಕೊಮ್ಮೆ ಮತ್ತೆ ಚುಚ್ಚಿಸಿಕೊಳ್ಳುವ ಹಳೆಯ ನಿಯಮ ಈಗಿಲ್ಲ. ಪ್ರಮಾಣಪತ್ರದ ಹಳದಿ ಪುಸ್ತಕ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ದಿನಾಂಕ, ಬ್ಯಾಚ್ ಸಂಖ್ಯೆ, ಸಹಿ, ಮೊಹರು ನೋಡಿಕೊಳ್ಳಿ. ಗಡಿಯಲ್ಲಿ ಪೇಚಾಟಕ್ಕೆ ಒಂದಕ್ಷರ ತಪ್ಪಿದ್ದರೂ ಸಾಕು.

ಮಗನಿಗಿಂತ ನಿಮ್ಮ ವಿಷಯ ಸೂಕ್ಷ್ಮ. ಇದು ಜೀವಂತ ವೈರಸ್ಸಿನ ಲಸಿಕೆ. 60 ದಾಟಿದವರು ಮೊದಲ ಬಾರಿ ತೆಗೆದುಕೊಂಡಾಗ ನರ ಅಥವಾ ಅಂಗಾಂಗಗಳಿಗೆ ತೀವ್ರ ತೊಂದರೆಯಾಗುವ ಸಾಧ್ಯತೆ ಅತಿ ವಿರಳವಾದರೂ ಕಿರಿಯರಿಗಿಂತ ಹೆಚ್ಚು. ಸಕ್ಕರೆ ಕಾಯಿಲೆ ಅಡ್ಡಿಯಲ್ಲ. ಸ್ಟೀರಾಯ್ಡ್ ಅಥವಾ ಕ್ಯಾನ್ಸರ್ ಔಷಧ, ಮೊಟ್ಟೆಗೆ ತೀವ್ರ ಅಲರ್ಜಿ, ಥೈಮಸ್ ಗ್ರಂಥಿಯ ರೋಗ ಇದ್ದರೆ ಮುಚ್ಚಿಡದೆ ಹೇಳಿ. ವೈದ್ಯರು ಬೇಡವೆಂದರೆ ವಿನಾಯಿತಿ ಪತ್ರ ಕೊಡುತ್ತಾರೆ, ಆದರೆ ಅದನ್ನು ಒಪ್ಪುವುದು ಬಿಡುವುದು ಆಯಾ ದೇಶಕ್ಕೆ ಬಿಟ್ಟದ್ದು. ಅಂಥ ಸಂದರ್ಭದಲ್ಲಿ ಮಗನೊಬ್ಬನನ್ನೇ ಕಳಿಸಿ ಎಂಬುದು ನಮ್ಮ ಸಲಹೆ.

ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಒಂದು ಡೋಸ್, ಹೊರಡುವ ಎರಡು ವಾರ ಮುಂಚೆ. ಹತ್ತು ವರ್ಷದಿಂದ ಧನುರ್ವಾಯು ಸೂಜಿ ಆಗಿಲ್ಲವಾದರೆ ಟಿಡಿ (ಧನುರ್ವಾಯು-ಡಿಫ್ತೀರಿಯಾ ಲಸಿಕೆ) ಒಂದು. ಕಾಮಾಲೆ ‘ಎ’ (ಹೆಪಟೈಟಿಸ್ ಎ) ಲಸಿಕೆ ಮಗನಿಗೆ ಹಾಕಿಸಿ. ನಿಮ್ಮ ವಯಸ್ಸಿನ ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ಸೋಂಕು ಬಂದುಹೋಗಿ ರೋಗನಿರೋಧಕ ಶಕ್ತಿ ಇರುತ್ತದೆ, ರಕ್ತಪರೀಕ್ಷೆ ಮಾಡಿದರೆ ತಿಳಿಯುತ್ತದೆ. ಇವು ಹಳದಿ ಜ್ವರದ ಲಸಿಕೆಯ ದಿನವೇ ಬೇರೆ ಜಾಗಕ್ಕೆ ಹಾಕಿಸಿದರೂ ನಡೆಯುತ್ತದೆ.

ನಿಜವಾಗಿ ಜೀವಕ್ಕೆ ಎರವಾಗುವುದು ಮಲೇರಿಯಾ. ಎತ್ತರದ ನೈರೋಬಿಯಲ್ಲಿ ಅಪಾಯ ಕಡಿಮೆ, ಹಳ್ಳಿ-ಹೊಲದ ಕಡೆ ಹಾಗಲ್ಲ. ಅಲ್ಲಿನದು ಬಹುಪಾಲು ಫ್ಯಾಲ್ಸಿಪ್ಯಾರಮ್ ಎಂಬ ಬಗೆಯ ಮಲೇರಿಯಾ, ಅದಕ್ಕೆ ಕ್ಲೋರೋಕ್ವಿನ್ ನಾಟುವುದಿಲ್ಲ. ಮನೆಯಲ್ಲಿ ಉಳಿದ ಕ್ಲೋರೋಕ್ವಿನ್ ಮಾತ್ರೆ ನಂಬಿ ಹೋಗಬೇಡಿ. ಸುಲಭವಾಗಿ ಸಿಗುವುದು ಡಾಕ್ಸಿಸೈಕ್ಲಿನ್ 100 ಎಂಜಿ, ವೈದ್ಯರ ಚೀಟಿಯ ಮೇಲೆ. ಎರಡು ದಿನ ಮುಂಚೆ ಶುರು, ಅಲ್ಲಿ 12 ದಿನ, ಬಂದ ಮೇಲೆ 28 ದಿನ: ತಲಾ 42 ಮಾತ್ರೆ. ಊಟವಾದ ಮೇಲೆ ತುಂಬಿದ ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಾದರೂ ಮಲಗಬೇಡಿ, ಅನ್ನನಾಳ ಸುಡುತ್ತದೆ. ಹಾಲು, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಆ್ಯಂಟಾಸಿಡ್ ಜೊತೆ ಬೇಡ, ಎರಡು ಮೂರು ಗಂಟೆ ಅಂತರವಿರಲಿ. ಬಿಸಿಲಿಗೆ ಚರ್ಮ ಬೇಗ ಸುಡುವುದರಿಂದ ಹೊಲದಲ್ಲಿ ತುಂಬು ತೋಳಿನ ಅಂಗಿ, ಟೊಪ್ಪಿಗೆ.

ಊರಿಗೆ ಬಂದ ಮೇಲೆ ‘ಆರಾಮ ಅದೀನಿ’ ಎಂದು ಮಾತ್ರೆ ಬಿಡುವವರೇ ಹೆಚ್ಚು. ಸೊಳ್ಳೆ ಕಚ್ಚಿದ ಮೇಲೆ ರೋಗಾಣು ಮೊದಲು ಯಕೃತ್ತಿನಲ್ಲಿ ಅಡಗುತ್ತದೆ. ಡಾಕ್ಸಿಸೈಕ್ಲಿನ್ ಅದನ್ನು ಹೊಡೆಯುವುದು ಮುಖ್ಯವಾಗಿ ರಕ್ತಕ್ಕೆ ಇಳಿದ ಮೇಲೆ. ಆ ನಾಲ್ಕು ವಾರ ಅದಕ್ಕಾಗಿಯೇ. ಮಾತ್ರೆ ತೆಗೆದುಕೊಂಡರೂ ಮೂರು ತಿಂಗಳೊಳಗೆ ಜ್ವರ ಬಂದರೆ ಅಂದೇ ಜಿಮ್ಸ್‌ಗೋ ಬೇರೆ ದೊಡ್ಡ ದವಾಖಾನೆಗೋ ಹೋಗಿ ‘ಆಫ್ರಿಕಾದಿಂದ ಬಂದೀನಿ, ಮಲೇರಿಯಾ ರಕ್ತಲೇಪ ನೋಡ್ರಿ’ ಎಂದು ಬಾಯಿ ಬಿಟ್ಟು ಹೇಳಿ. ನಮ್ಮಲ್ಲಿ ಟೈಫಾಯ್ಡ್ ಪತ್ತೆಗೆ ಮಾಡುವ ವಿಡಾಲ್ ಪರೀಕ್ಷೆ ಸುಮ್ಮಸುಮ್ಮನೆ ಪಾಸಿಟಿವ್ ಬರುವುದುಂಟು. ಟೈಫಾಯ್ಡ್ ಎಂದು ಚಿಕಿತ್ಸೆ ಕೊಡುತ್ತಾ ಎರಡು ದಿನ ಕಳೆದರೆ ಫ್ಯಾಲ್ಸಿಪ್ಯಾರಮ್ ಮಿದುಳು, ಕಿಡ್ನಿಗೆ ಹೋಗಿರುತ್ತದೆ. ಮೊದಲ ಲೇಪ ನೆಗೆಟಿವ್ ಬಂದರೂ 12ರಿಂದ 24 ಗಂಟೆ ಬಿಟ್ಟು ಮತ್ತೆ ಮಾಡಿಸಿ.

ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಲಗೇಜಿಗೆ ಹಾಕಿದರೆ ಹೆಪ್ಪುಗಟ್ಟಿ ಕೆಡಬಹುದು. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ, ಡೋಸ್ ಹೊಂದಿಸುವುದು ಕಷ್ಟವಲ್ಲ. ಔಷಧಗಳನ್ನು ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯಬೇಡಿ: ಕೀನ್ಯಾ 2017ರಲ್ಲಿ, ತಾಂಜಾನಿಯಾ 2019ರಲ್ಲಿ ಅಂಥ ಚೀಲ ನಿಷೇಧಿಸಿವೆ. ಬಟ್ಟೆಚೀಲ ಸಾಕು.

ಪ್ರಶ್ನೆ: ನಾವು ಬೀದರ್‌ನವರು. ಅಳಿಯ ಕಂಪಾಲಾದಲ್ಲಿ ನೌಕರಿಯಲ್ಲಿದ್ದಾರೆ. ಮಗಳು ಎಂಟು ತಿಂಗಳ ಕೂಸಿನ ಜೊತೆ ಮುಂದಿನ ತಿಂಗಳು ಹೋಗಬೇಕು. ಕೂಸಿಗೆ ಹಳದಿ ಜ್ವರದ ಲಸಿಕೆ ಹಾಕಿಸಬಹುದೇ?

ಉತ್ತರ: ಒಂಬತ್ತು ತಿಂಗಳು ತುಂಬುವ ತನಕ ಕಾಯಿರಿ. ಎದೆಹಾಲು ಕುಡಿಸುವ ತಾಯಿಗೂ ಅಲ್ಲಿಯವರೆಗೆ ಹಾಕಿಸದಿರುವುದು ಒಳ್ಳೆಯದು, ಹಾಲಿನ ಮೂಲಕ ಲಸಿಕೆಯ ವೈರಸ್ ಕೂಸಿಗೆ ದಾಟಿದ ಉದಾಹರಣೆಗಳಿವೆ. ಇನ್ನೊಂದು ತೊಡಕು: ಒಂಬತ್ತು ತಿಂಗಳಿಗೆ ಅಂಗನವಾಡಿಯಲ್ಲಿ ಹಾಕುವ ದಡಾರ-ರುಬೆಲ್ಲಾ ಸೂಜಿಯೂ ಜೀವಂತ ಲಸಿಕೆಯೇ. ಎರಡನ್ನೂ ಒಂದೇ ದಿನ ಹಾಕಿಸಬೇಕು, ಇಲ್ಲವೇ ನಡುವೆ 28 ದಿನ ಬಿಡಬೇಕು. ಉಗಾಂಡಾಕ್ಕೆ ಒಂದು ವರ್ಷ ದಾಟಿದ ಎಲ್ಲರಿಗೂ ಪ್ರಮಾಣಪತ್ರ ಕಡ್ಡಾಯ, ಹಾಗಾಗಿ ತಾಯಿಗೆ ಅದು ಬೇಕೇ ಬೇಕು. ಪ್ರಯಾಣ ಆರೆಂಟು ವಾರ ಮುಂದೆ ಹಾಕಿ, ಇಬ್ಬರಿಗೂ ಒಂದೇ ದಿನ ಹೈದರಾಬಾದಿನಲ್ಲಿ ಹಾಕಿಸಿ. ಡಾಕ್ಸಿಸೈಕ್ಲಿನ್ ಕೂಸಿಗೆ ಕೊಡುವಂತಿಲ್ಲ, ಬೇರೆ ಮಲೇರಿಯಾ ಔಷಧವನ್ನು ಮಕ್ಕಳ ವೈದ್ಯರು ತೂಕ ನೋಡಿ ನಿರ್ಧರಿಸಲಿ. ಔಷಧ ಲೇಪಿಸಿದ ಸೊಳ್ಳೆಪರದೆ ಹಗಲು ನಿದ್ದೆಗೂ ಕಟ್ಟಿ. ವಿಕ್ಟೋರಿಯಾ ಸರೋವರದ ನೀರಿಗೆ ಕೂಸನ್ನು ಇಳಿಸಬೇಡಿ. ಅಲ್ಲಿನ ಬಸವನಹುಳುಗಳಿಂದ ಹೊರಬೀಳುವ ಸೂಕ್ಷ್ಮ ಹುಳುಗಳು ಗಾಯವಿಲ್ಲದ ಚರ್ಮವನ್ನೂ ಕೊರೆದು ಒಳಸೇರುತ್ತವೆ.